ಹರಳೆಣ್ಣೆಯ ಜಾಡಿಯಿಂದ ಕಬ್ಬಿನ ಹಾಲಿನವರೆಗೆ

ಮಂಡ್ಯದ ಪಿಯು ಕಾಲೇಜಿನಲ್ಲಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಓದುವ ಹುಡುಗಿಯೊಬ್ಬಳು ಹರಳೆಣ್ಣೆ ತುಂಬಿದ ಎತ್ತರದ ಗಾಜಿನ ಜಾಡಿಗೆ ಉಕ್ಕಿನ ಸಣ್ಣ ಗುಂಡು ಬಿಡುತ್ತಾಳೆ. ಎರಡು ಗುರುತುಗಳ ನಡುವೆ ಅದು ಇಳಿಯುವ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಅಳೆದು ಸ್ನಿಗ್ಧತೆಯ, ಎಂದರೆ ದ್ರವವು ಹರಿವಿಗೆ ಒಡ್ಡುವ ತಡೆಯ, ಲೆಕ್ಕ ಮಾಡುತ್ತಾಳೆ. ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುತ್ತದೆ. ಡಾಕ್ಟರಾಗಬೇಕೆಂದು ಹಂಬಲಿಸುವ ಅವಳಿಗೆ, ತಾನು ಅಳೆದ ಗುಣವೇ ರಕ್ತನಾಳಗಳಲ್ಲಿ ರಕ್ತದ ಓಟವನ್ನೂ ತೀರ್ಮಾನಿಸುತ್ತದೆ ಎಂದು ಹೇಳುವವರು ಕಡಿಮೆ.

ಇದು ನನ್ನನ್ನು ಬಹಳ ನೋಯಿಸುವ ಸಂಗತಿ. ಏಕೆಂದರೆ ದ್ರವಗಳ ಹರಿವಿನ ನಿಯಮವನ್ನು ಕಂಡುಕೊಂಡವರಲ್ಲಿ ಪ್ಯಾರಿಸ್ಸಿನ ವೈದ್ಯ ಪ್ವಾಜೊಯ್ ಒಬ್ಬ. ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂಬ ಕುತೂಹಲದಿಂದಲೇ ಅವನು 1840ರ ಸುಮಾರಿಗೆ ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆದ. ಒತ್ತಡ ಅಷ್ಟೇ ಇದ್ದು ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಕೊಬ್ಬು ಕಟ್ಟಿದ ರಕ್ತನಾಳದ ಅಪಾಯವೆಲ್ಲ ಈ ಒಂದು ಲೆಕ್ಕದಲ್ಲಿದೆ. ಅವನೊಬ್ಬನೇ ಅಲ್ಲ. ಕಪ್ಪೆಯ ನರದಲ್ಲಿ ಸಂದೇಶ ಹರಿಯುವ ವೇಗವನ್ನು 1850ರಲ್ಲಿ ಅಳೆದ ಹೆಲ್ಮ್‌ಹೋಲ್ಟ್ಸ್ ವೈದ್ಯನಾಗಿ ತರಬೇತಿ ಪಡೆದವನು. ನೀರಿನಲ್ಲಿ ಪರಾಗದಿಂದ ಹೊರಬಿದ್ದ ಸೂಕ್ಷ್ಮ ಕಣಗಳ ಚಡಪಡಿಕೆಯನ್ನು 1827ರಲ್ಲಿ ಗಮನಿಸಿದ ಬ್ರೌನ್ ಸಸ್ಯವಿಜ್ಞಾನಿ. ಅದರ ಗುಟ್ಟನ್ನು 1905ರಲ್ಲಿ ಐನ್‌ಸ್ಟೈನ್ ಬಿಡಿಸಿದರು.

ಭೌತಶಾಸ್ತ್ರಕ್ಕೂ ಜೀವವಿಜ್ಞಾನಕ್ಕೂ ಇದ್ದ ಇಷ್ಟು ಹತ್ತಿರದ ನೆಂಟಸ್ತಿಕೆ ತರಗತಿಯಲ್ಲಿ ಕಡಿದುಹೋಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ 1880ರ ದಶಕದಲ್ಲಿ ಪ್ರವೇಶ ಬಯಸುವವರಿಗಾಗಿ ಭೌತಶಾಸ್ತ್ರದ ನಲವತ್ತು ಪ್ರಯೋಗಗಳ ಪಟ್ಟಿ ಹೊರಡಿಸಿತು. ನಿಗದಿತ ಉಪಕರಣ, ನಿಗದಿತ ವಿಧಾನ, ಜಾಗರೂಕ ಅಳತೆ: ಇಂದಿಗೂ ಪ್ರಯೋಗಾಲಯಗಳಲ್ಲಿ ಕಾಣುವ ಅಚ್ಚು ಅದೇ. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯ 1916ರಲ್ಲಿ, ಯುವರಾಜ ಕಾಲೇಜು 1928ರಲ್ಲಿ ಆರಂಭವಾದವು. ಬೆಂಗಳೂರಿನಲ್ಲಿ ಹುಟ್ಟಿದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಆದರೆ ಪದವಿಯ ವಿಷಯಗಳು ಮೂರರ ಗುಂಪುಗಳಾದಾಗ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಒಂದು ದಾರಿ, ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಇನ್ನೊಂದು ದಾರಿ ಹಿಡಿದವು. ಸಿಬಿಜೆಡ್ ಆರಿಸಿಕೊಂಡವರಿಗೆ ಪಿಯು ಪ್ರಯೋಗಾಲಯವೇ ಭೌತಶಾಸ್ತ್ರದ ಕೊನೆಯ ನಿಲ್ದಾಣ. ಮೇಲೆ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬಂತು: 720 ಅಂಕಗಳಲ್ಲಿ ಭೌತಶಾಸ್ತ್ರಕ್ಕೆ 180, ಕೈಯಾರೆ ಮಾಡುವ ಪ್ರಯೋಗಕ್ಕೆ ಸೊನ್ನೆ.

ಅಮೆರಿಕದಲ್ಲಿ ಈ ಶತಮಾನದ ಆರಂಭದಿಂದ ಮರುಚಿಂತನೆ ನಡೆದಿದೆ. ಜೀವವಿಜ್ಞಾನದವರಿಗೆ ಭೌತಶಾಸ್ತ್ರ ಬೇರೆ ರೀತಿಯಲ್ಲಿ ಬೇಕು ಎಂದು 2003 ಮತ್ತು 2009ರ ವರದಿಗಳು ಹೇಳಿದವು. ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಸೂಕ್ಷ್ಮದರ್ಶಕದಡಿಯ ಕಣಗಳ ಚಲನೆಯ ವಿಡಿಯೊ ತೆಗೆದು ಅಳೆಯತೊಡಗಿದರು. ಪಾಠವನ್ನು ಗಟ್ಟಿಮಾಡಲೆಂದೇ ನಡೆಸುವ ಪ್ರಯೋಗಗಳಿಂದ ಪರೀಕ್ಷೆಯ ಅಂಕಗಳಲ್ಲಿ ಅಳತೆಗೆ ಸಿಗುವಷ್ಟು ಲಾಭವಿಲ್ಲ ಎಂದು ಭೌತಶಾಸ್ತ್ರ ಬೋಧನೆಯ ಸಂಶೋಧಕರಾದ ನತಾಶಾ ಹೋಮ್ಸ್, ಕಾರ್ಲ್ ವೀಮನ್ ಮತ್ತವರ ಸಂಗಡಿಗರು ತೋರಿಸಿದರು.

ನಮಗೆ ದುಬಾರಿ ಉಪಕರಣವೇ ಬೇಕೆಂದಿಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಿಂದ ಇದೆ. ಕಬ್ಬಿನ ಹಾಲಿನಲ್ಲಿ ಕರಗಿದ ಅಂಶವನ್ನು, ಅದರಲ್ಲಿ ಬಹುಪಾಲು ಸಕ್ಕರೆಯೇ, ಬ್ರಿಕ್ಸ್ ಎಂದು ಓದುವ ಕೈಯಳತೆಯ ರಿಫ್ರಾಕ್ಟೋಮೀಟರ್ ಕೆಲಸ ಮಾಡುವುದು ವಕ್ರೀಭವನದಿಂದ, ಎಂದರೆ ದ್ರವದೊಳಗೆ ಬೆಳಕು ಬಾಗುವುದರಿಂದ. ಸೂಕ್ಷ್ಮದರ್ಶಕದಲ್ಲಿ ನೀರಿನ ವಕ್ರೀಭವನಾಂಕ ಅಳೆಯುವ ಹುಡುಗರು ಅದೇ ಲೋಟಕ್ಕೆ ಸೋಸಿದ ಕಬ್ಬಿನ ಹಾಲು ಸುರಿದರೆ ಸಾಕು. ಇಂದು ಕಡಿದ ಕಬ್ಬನ್ನೂ ನಾಲ್ಕು ದಿನ ಗದ್ದೆಯ ಬದುವಿನಲ್ಲಿ ಒಣಗಿದ ಕಬ್ಬನ್ನೂ ಬೇರೆಬೇರೆಯಾಗಿ ಅರೆದು ನೋಡಲಿ. ಒಣಗಿದ್ದರ ಬ್ರಿಕ್ಸ್ ಹೆಚ್ಚು ಬರಬಹುದು. ನೀರು ಆರಿ ರಸ ಗಟ್ಟಿಯಾಗಿರುತ್ತದೆ, ಆದರೆ ಅದರಲ್ಲಿನ ಸುಕ್ರೋಸ್, ಎಂದರೆ ಕಾರ್ಖಾನೆ ಹರಳುಗಟ್ಟಿಸುವ ಸಕ್ಕರೆ, ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗತೊಡಗಿರುತ್ತದೆ. ಉಪಕರಣದ ಅಂಕಿ ಏರಿದರೂ ತೂಕದ ಸೇತುವೆಯಲ್ಲಿ ಅಪ್ಪನ ಗಾಡಿ ಏಕೆ ಹಗುರಾಯಿತು, ಸಕ್ಕರೆಯ ಇಳುವರಿ ಏಕೆ ಇಳಿಯಿತು ಎಂದು ಆ ಹುಡುಗಿ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕಾಗುತ್ತದೆ.