ಕಾದಂಬರಿಯ ಕೊನೆಯ ಪುಟ ಟಿವಿಯಲ್ಲಿ ಎಲ್ಲಿ ಹೋಗುತ್ತದೆ?

ಧಾರಾವಾಹಿಗಳಿಗೆ ಚಿತ್ರಕಥೆ ಬರೆಯುವುದು ನನ್ನ ಕೆಲಸ. ಯುದ್ಧ, ಮುತ್ತಿಗೆ, ಸಾಹಸ ಇರುವ ಐತಿಹಾಸಿಕ ಕಾದಂಬರಿಯೊಂದನ್ನು ಟಿವಿಗೆ ತರೋಣ ಅಂದ ಕೂಡಲೇ ನಿರ್ಮಾಪಕರು ಕೇಳುವ ಮೊದಲ ಪ್ರಶ್ನೆ, ‘ಅಷ್ಟು ದೊಡ್ಡ ಸೈನ್ಯ ಎಲ್ಲಿಂದ ತರೋದು?’ ದುಡ್ಡು ಹಾಕುವವರು ಕೇಳಲೇಬೇಕಾದ ಮಾತು ಅದು. ಆದರೆ ಸೈನ್ಯದ ತಾಪತ್ರಯಕ್ಕೆ ದಾರಿಗಳಿವೆ. ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ಕಡೆ. ಒಳ್ಳೆಯ ಐತಿಹಾಸಿಕ ಕಾದಂಬರಿಕಾರ ಪುಸ್ತಕದ ಕೊನೆಯಲ್ಲಿ ‘ಇಷ್ಟು ನಿಜವಾಗಿ ನಡೆದದ್ದು, ಇಷ್ಟು ನಾನು ಕಟ್ಟಿದ್ದು’ ಅಂತ ಒಂದೆರಡು ಪುಟ ಬರೆದಿರುತ್ತಾನೆ. ಟಿವಿಗೆ ಬರುವಾಗ ಆ ಪುಟ ಬಿದ್ದುಹೋಗುತ್ತದೆ. ಅದನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಯಾರೂ ಕೇಳುವುದಿಲ್ಲ.

ಉದಾಹರಣೆಗೆ ನಾನು ಯಾವಾಗಲೂ ತೆಗೆದುಕೊಳ್ಳುವುದು ಬರ್ನಾರ್ಡ್ ಕಾರ್ನ್‌ವೆಲ್ ಅವರ ಶಾರ್ಪ್ ಸರಣಿಯನ್ನು. ನೆಪೋಲಿಯನ್ ಕಾಲದ ಬ್ರಿಟಿಷ್ ಸೈನ್ಯದಲ್ಲಿ ಮಾಮೂಲಿ ಸಿಪಾಯಿಯಾಗಿ ಸೇರಿ ಅಧಿಕಾರಿಯಾಗಿ ಮೇಲೆ ಬಂದ ರಿಚರ್ಡ್ ಶಾರ್ಪ್ ಎಂಬ ಕಲ್ಪಿತ ನಾಯಕನ ಕತೆ ಅದು. ಮೊದಲ ಕಾದಂಬರಿಗಳು 1981ರಲ್ಲಿ ಬಂದವು. ಬ್ರಿಟನ್ನಿನ ಐಟಿವಿ 1993ರಿಂದ 1997ರವರೆಗೆ 14 ಟಿವಿ ಚಿತ್ರಗಳನ್ನು ತೋರಿಸಿತು. ಆಮೇಲೆ 2006 ಮತ್ತು 2008ರಲ್ಲಿ ಇನ್ನೆರಡು. ಎಲ್ಲವನ್ನೂ ನಿರ್ದೇಶಿಸಿದವರು ಟಾಮ್ ಕ್ಲೆಗ್ ಒಬ್ಬರೇ. ಶಾರ್ಪ್ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಪಾಲ್ ಮೆಕ್‌ಗ್ಯಾನ್. ಶೂಟಿಂಗ್ ಶುರುವಾದ ಹೊಸದರಲ್ಲೇ ಫುಟ್‌ಬಾಲ್ ಆಡುವಾಗ ಅವರ ಮೊಣಕಾಲಿಗೆ ಪೆಟ್ಟಾಯಿತು. ಆ ಜಾಗಕ್ಕೆ ಶಾನ್ ಬೀನ್ ಬಂದರು.

ಮೊದಲು ಸೈನ್ಯದ ವಿಷಯ ಮುಗಿಸುತ್ತೇನೆ. 1970ರಲ್ಲಿ ವಾಟರ್‌ಲೂ ಯುದ್ಧದ ಬಗ್ಗೆ ಬಂದ ದೊಡ್ಡ ಸಿನಿಮಾಕ್ಕೆ ಸೋವಿಯತ್ ಸೈನ್ಯದ ಸುಮಾರು 15,000 ಸೈನಿಕರನ್ನು ಮೈದಾನದಲ್ಲಿ ನಿಲ್ಲಿಸಿದ್ದರು. ಟಿವಿ ಬಜೆಟ್ಟಿಗೆ ಅದು ಕನಸಿನ ಮಾತು. ಶಾರ್ಪ್ ತಂಡ ಸೋವಿಯತ್ ಒಕ್ಕೂಟ ಒಡೆದ ಹೊಸದರಲ್ಲಿ ಉಕ್ರೇನಿನ ಕ್ರೈಮಿಯಾಕ್ಕೆ ಹೋಗಿ, ಅಲ್ಲಿನ ಸೈನಿಕರಿಗೆ ವೇಷ ಹಾಕಿಸಿ ಸಾಧ್ಯವಾದಷ್ಟು ಜನರನ್ನು ನಿಲ್ಲಿಸಿತು. ಆದರೂ ಅವರ ವಾಟರ್‌ಲೂ ಚಿತ್ರ ನೋಡಿದರೆ ಮೈದಾನ ಖಾಲಿ ಅನಿಸುತ್ತದೆ. ಒಪ್ಪಿಕೊಳ್ಳಬೇಕು.

ಅದೇ ತಂಡದ 1994ರ ಬಡಾಹೋಸ್ ಮುತ್ತಿಗೆ ನೋಡಿ. ಅಲ್ಲಿ ಆ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಫ್ರೆಂಚರ ಕೈಯಲ್ಲಿದ್ದ ಸ್ಪೇನಿನ ಆ ಕೋಟೆಗೆ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ನನ ಸೈನ್ಯ ಲಗ್ಗೆ ಹಾಕಿದ್ದು 1812ರ ಏಪ್ರಿಲ್ 6ರ ರಾತ್ರಿ. ಕಂದಕ, ಏಣಿ, ಫಿರಂಗಿಯಿಂದ ಒಡೆದ ಗೋಡೆ, ಆ ಒಡಕಿಗೆ ಅಡ್ಡಲಾಗಿ ಫ್ರೆಂಚರು ಮರದ ತೊಲೆಗೆ ಕತ್ತಿಯ ಅಲಗುಗಳನ್ನು ನೆಟ್ಟು ಮಾಡಿದ ಬೇಲಿ. ಜಾಗ ಇಕ್ಕಟ್ಟು, ಸುತ್ತ ಕತ್ತಲೆ, ಮೇಲೆ ಹೊಗೆ. ಇಪ್ಪತ್ತು ಜನ ಏಣಿಯ ಬುಡದಲ್ಲಿ ನೂಕಾಡುತ್ತಿದ್ದರೆ ಹಿಂದೆ ಎರಡು ಸಾವಿರ ಜನ ಇದ್ದಾರೆ ಅಂತ ನೋಡುವವರೇ ಊಹಿಸಿಕೊಳ್ಳುತ್ತಾರೆ. ಹಾಗಾಗಿ ಕಾದಂಬರಿ ಕೈಗೆ ಸಿಕ್ಕಾಗ ನಾನು ಮೊದಲು ಹುಡುಕುವುದು ಯಾವ ಯುದ್ಧ ರಾತ್ರಿ ನಡೆಯಿತು, ಯಾವುದು ಕಿರಿದಾದ ಜಾಗದಲ್ಲಿ ನಡೆಯಿತು ಅಂತ. ನಮ್ಮ ಚಿತ್ರದುರ್ಗದ ಒನಕೆ ಓಬವ್ವನ ಕತೆ ತಲೆಮಾರುಗಳಿಂದ ಜನರ ಕಣ್ಣಿಗೆ ಕಟ್ಟಿದ ಹಾಗೆ ಉಳಿದಿರುವುದಕ್ಕೂ ಇದೇ ಕಾರಣ ಅಂತ ನನ್ನ ನಂಬಿಕೆ. ಹೈದರಾಲಿಯ ಸೈನ್ಯ ಎಷ್ಟೇ ದೊಡ್ಡದಿರಲಿ, ಕಿಂಡಿಯಲ್ಲಿ ಒಂದು ಸಲಕ್ಕೆ ಒಂದೇ ತಲೆ ತೂರುತ್ತದೆ ಅಲ್ವಾ?

ಇನ್ನೊಂದು ದಾರಿ, ಯುದ್ಧವನ್ನು ಒಬ್ಬ ಸಿಪಾಯಿಯ ಕೈಗೆ ಇಳಿಸುವುದು. ಆ ಕಾಲದ ಬಂದೂಕಿಗೆ ಮದ್ದು ತುಂಬುವ ಕೆಲಸವನ್ನೇ ತೆಗೆದುಕೊಳ್ಳಿ. ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಚಿಟಿಕೆ ಮದ್ದನ್ನು ಬಂದೂಕಿನ ಪಕ್ಕದ ಸಣ್ಣ ಬಟ್ಟಲಿಗೆ ಹಾಕಿ ಮುಚ್ಚಬೇಕು. ಉಳಿದದ್ದನ್ನು ಗುಂಡಿನ ಜೊತೆ ನಳಿಗೆಯ ಬಾಯಿಗೆ ಸುರಿದು ಗಜದಿಂದ ಜಡಿಯಬೇಕು. ಗಜ ವಾಪಸ್ ಸಿಕ್ಕಿಸಿ, ಗುರಿ ಹಿಡಿದು, ಕುದುರೆ ಎಳೆಯಬೇಕು. ಚೆನ್ನಾಗಿ ತರಬೇತಾದವನು ನಿಮಿಷಕ್ಕೆ ಮೂರು ಸಲ ಹೊಡೆಯುತ್ತಿದ್ದ. ಅಂದರೆ ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ಸೆಕೆಂಡು. ಎದುರಿಗೆ ಶತ್ರುಗಳು ನಡೆದು ಬರುತ್ತಿದ್ದಾರೆ, ಇವನ ಕೈ ನಡುಗುತ್ತಿದೆ, ಗಜ ನೆಲಕ್ಕೆ ಬಿತ್ತು. ಒಂದು ಕ್ಲೋಸಪ್ಪಿನಲ್ಲಿ ಇಡೀ ಯುದ್ಧದ ಭಯ ಬಂದುಬಿಡುತ್ತದೆ. ಎರಡನೇ ಶಾರ್ಪ್ ಚಿತ್ರದಲ್ಲಿ ನಾಯಕ ಹೊಸ ಸಿಪಾಯಿಗಳಿಗೆ ಈ ಮೂರು ಸುತ್ತಿನ ಪಾಠ ಹೇಳಿಕೊಡುತ್ತಾನೆ. ಆ ಪಾಠ ನೋಡಿದವರಿಗೆ ಮುಂದೆ ತಲವೇರಾ ಯುದ್ಧದಲ್ಲಿ ಏನಾಗುತ್ತಿದೆ ಅಂತ ಬೇರೆ ವಿವರಿಸಬೇಕಿಲ್ಲ. ಆ ಕಾಲದ ಸೈನ್ಯದ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಅದು ಮುಟ್ಟುತ್ತದೆ.

ನಾಯಕನ ಮನಸ್ಸಿನ ಮಾತನ್ನು ಪರದೆಗೆ ತರುವುದು ಇದಕ್ಕಿಂತ ಸ್ವಲ್ಪ ಕಷ್ಟ. ಕಾದಂಬರಿಯಲ್ಲಿ ಪುಟಗಟ್ಟಲೆ ಯೋಚನೆ ಇರುತ್ತದೆ. ಟಿವಿಯಲ್ಲಿ ಅದನ್ನು ಯಾರಾದರೂ ಬಾಯಿ ಬಿಟ್ಟು ಹೇಳಬೇಕು, ಇಲ್ಲವೇ ಮಾಡಿ ತೋರಿಸಬೇಕು. ಶಾರ್ಪ್ ಸರಣಿಯವರು ನಾಯಕನ ಸುತ್ತ ನಾಲ್ಕಾರು ಜನರ ಒಂದು ಸಣ್ಣ ಗುಂಪನ್ನು ಕಾಯಂ ಮಾಡಿಕೊಂಡರು. ಅದರಲ್ಲಿ ಹ್ಯಾರಿಸ್ ಪುಸ್ತಕ ಓದುವವನು, ಹ್ಯಾಗ್ಮನ್ ಹಾಡುವವನು. ಹ್ಯಾಗ್ಮನ್ ಆಗಿ ನಟಿಸಿದ ಜಾನ್ ಟ್ಯಾಮ್ಸ್ ನಿಜಕ್ಕೂ ಜನಪದ ಗಾಯಕರು. ವಾರಗಟ್ಟಲೆ ನಡೆದ ದಣಿವನ್ನು ಅವರ ಒಂದು ಹಾಡು ಹೇಳಿಬಿಡುತ್ತದೆ. ಆ ಇಬ್ಬರೂ ವಾಟರ್‌ಲೂ ಚಿತ್ರದಲ್ಲಿ ಸಾಯುತ್ತಾರೆ. ಖಾಲಿ ಮೈದಾನದ ಆ ಚಿತ್ರ ಮನಸ್ಸಿನಲ್ಲಿ ಉಳಿಯುವುದು ಅವರಿಬ್ಬರಿಂದಲೇ.

ಈಗ ಕೊನೆಯ ಪುಟದ ವಿಷಯ.

ಇಂಥ ಕಾದಂಬರಿಕಾರರು ಬಳಸುವ ಒಂದು ಜಾಣ ಉಪಾಯ ಇದೆ. ಇತಿಹಾಸದಲ್ಲಿ ಎಲ್ಲಿ ಉತ್ತರ ಸಿಕ್ಕಿಲ್ಲವೋ ಅಲ್ಲಿ ತಮ್ಮ ನಾಯಕನನ್ನು ಕೂರಿಸುತ್ತಾರೆ. 1810ರ ಆಗಸ್ಟ್‌ನಲ್ಲಿ ಪೋರ್ಚುಗಲ್ಲಿನ ಅಲ್ಮೇಡಾ ಕೋಟೆಯ ಮದ್ದಿನ ಮನೆ ಸಿಡಿದು ನೂರಾರು ಜನ ಸತ್ತರು. ಕಿಡಿ ಹತ್ತಿದ್ದು ಹೇಗೆ ಅಂತ ಖಚಿತವಾಗಿ ಹೇಳಲು ಯಾರೂ ಉಳಿಯಲಿಲ್ಲ. ಕಾರ್ನ್‌ವೆಲ್ ತಮ್ಮ ‘ಶಾರ್ಪ್ಸ್ ಗೋಲ್ಡ್’ ಕಾದಂಬರಿಯಲ್ಲಿ ಆ ಕಿಡಿಯನ್ನು ಶಾರ್ಪ್ ಕೈಗೆ ಕೊಟ್ಟರು. ಅದೇ ಹೆಸರಿನ ಟಿವಿ ಚಿತ್ರದಲ್ಲಿ ಅಲ್ಮೇಡಾ ಕತೆಯೇ ಇಲ್ಲ. ಬೇರೆ ಏನೋ ಕಟ್ಟಿದ್ದಾರೆ. ಇಡೀ ಸರಣಿಯಲ್ಲಿ ನನಗೆ ಅತ್ಯಂತ ಕಡಿಮೆ ಇಷ್ಟವಾದ ಚಿತ್ರ ಅದು.

ನಮಗೆ ಹತ್ತಿರದ ಉದಾಹರಣೆ ಶ್ರೀರಂಗಪಟ್ಟಣ. 1799ರ ಮೇ 4ರಂದು ಕೋಟೆ ಬಿದ್ದ ದಿನ ನೀರಬಾಗಿಲಿನ ಹತ್ತಿರ ಟಿಪ್ಪುವಿನ ಶವ ಸಿಕ್ಕಿತು. ಅವನಿಗೆ ಗುಂಡು ಹೊಡೆದ ಸಿಪಾಯಿ ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಮೈಮೇಲಿನ ಒಡವೆ ದೋಚಿದವನು ಮುಂದೆ ಬಂದು ಹೇಳಿಕೊಳ್ಳುತ್ತಾನೆಯೇ? 1997ರಲ್ಲಿ ಬಂದ ಕಾದಂಬರಿಯಲ್ಲಿ ಕಾರ್ನ್‌ವೆಲ್ ಆ ಸಿಪಾಯಿಯನ್ನು ಶಾರ್ಪ್ ಮಾಡಿದರು. ಆದರೆ ಕೊನೆಯ ಟಿಪ್ಪಣಿಯಲ್ಲಿ, ಕೊಂದವನು ಯಾರೆಂದು ತಿಳಿದಿಲ್ಲ ಅಂತ ಒಪ್ಪಿಕೊಂಡರು. ಓದುಗನಿಗೆ ಕತೆಯೂ ಸಿಕ್ಕಿತು, ನಿಜವೂ ಸಿಕ್ಕಿತು.

ಈ ಕಾದಂಬರಿ ಟಿವಿಗೆ ಬಂದ ರೀತಿ ನೋಡಿದರೆ ಬೇಸರವಾಗುತ್ತದೆ. ಕಾದಂಬರಿಯ ಶಾರ್ಪ್ ಆಗ ಇಪ್ಪತ್ತರ ಆಸುಪಾಸಿನ ಹುಡುಗ. 2006ಕ್ಕೆ ಶಾನ್ ಬೀನ್ ವಯಸ್ಸು ನಲವತ್ತೈದು ದಾಟಿತ್ತು. ಹಾಗಾಗಿ ಭಾರತದಲ್ಲಿ ನಡೆಯುವ ಮೂರು ಶಾರ್ಪ್ ಕಾದಂಬರಿಗಳಿಂದ ಚೂರುಚೂರು ಎತ್ತಿಕೊಂಡು, ಕತೆಯನ್ನು ವಾಟರ್‌ಲೂ ಆದ ಮೇಲಿನ 1817ಕ್ಕೆ ತಳ್ಳಿ, ಒಂದು ಕಲ್ಪಿತ ಸಂಸ್ಥಾನ ಕಟ್ಟಿ, ರಾಜಸ್ಥಾನದಲ್ಲಿ ಚಿತ್ರೀಕರಿಸಿದರು. ಶ್ರೀರಂಗಪಟ್ಟಣ ಹೋಯಿತು, ಕಾವೇರಿ ಹೋಯಿತು. ನಟನ ವಯಸ್ಸಿನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಕಳೆದುಕೊಂಡದ್ದು ಸಣ್ಣದಲ್ಲ. 1799ರಲ್ಲಿ ಬ್ರಿಟಿಷ್ ಲಗ್ಗೆಯ ಮುಂದಾಳಾಗಿದ್ದ ಡೇವಿಡ್ ಬೇರ್ಡ್ 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕಿ, ಅದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು. ತಾನು ಕೊಳೆತ ಊರಿನ ಗೋಡೆಯನ್ನೇ ಹತ್ತಿ ಬರುತ್ತಿದ್ದಾನೆ. ಇದರಲ್ಲಿ ಒಂದಕ್ಷರವನ್ನೂ ನಾವು ಕಟ್ಟಬೇಕಿಲ್ಲ. ಲಗ್ಗೆ ನಡೆದದ್ದು ಮಾತ್ರ ಮಟಮಟ ಮಧ್ಯಾಹ್ನ, ಬಯಲಾಗಿ ಬಿದ್ದ ಹೊಳೆಯ ಪಾತ್ರದಲ್ಲಿ. ಬಡಾಹೋಸಿನ ಹಾಗೆ ಕತ್ತಲು ಕೈಹಿಡಿಯುವುದಿಲ್ಲ. ನಾನಾದರೆ ಹೊಳೆ ದಾಟುವುದನ್ನು ದೂರದಿಂದ ಎರಡೇ ಶಾಟ್‌ನಲ್ಲಿ ಮುಗಿಸಿ, ಕ್ಯಾಮೆರಾವನ್ನು ಬೇಗ ನೀರಬಾಗಿಲಿನ ಇಕ್ಕಟ್ಟಿಗೆ ತರುತ್ತೇನೆ.

ಟಿಪ್ಪು ಕತೆ ಟಿವಿಗೆ ಬಂದದ್ದು ಇದಕ್ಕಿಂತ ಮುಂಚೆ, ಭಗವಾನ್ ಗಿಡ್ವಾನಿಯವರ 1976ರ ಕಾದಂಬರಿಯಿಂದ. ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಎಂಬ ಆ ಧಾರಾವಾಹಿಯ ಹೆಸರು ಹೇಳಿದರೆ ನಮ್ಮ ಉದ್ಯಮದಲ್ಲಿ ಮೊದಲು ನೆನಪಾಗುವುದು ಬೆಂಕಿ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಸತ್ತರು. ನಿರ್ದೇಶಕ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡರು. ಯುದ್ಧದ ಕತೆ ಬರೆಯುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು. ‘ಒಳಗೆ ದೀವಟಿಗೆ, ಹೊರಗೆ ಸಿಡಿಮದ್ದು’ ಅಂತ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಬರೆಯುವುದು ಸುಲಭ. ಅದರ ಕೆಳಗೆ ನಿಲ್ಲುವವರು ಲೈಟ್‌ಬಾಯ್‌ಗಳು, ಜೂನಿಯರ್ ಆರ್ಟಿಸ್ಟ್‌ಗಳು. ಮುಚ್ಚಿದ ಫ್ಲೋರಿನಲ್ಲಿ ಬೆಂಕಿ ಬೇಕೇ ಬೇಕಾ ಅಂತ ಬರೆಯುವಾಗಲೇ ಕೇಳಿಕೊಳ್ಳಬೇಕು. ಬಹಳ ಸಲ ಬೇಕಿರುವುದಿಲ್ಲ.

1990ರಲ್ಲಿ ಅದು ದೂರದರ್ಶನಕ್ಕೆ ಬರುವ ಹೊತ್ತಿಗೆ ಇತಿಹಾಸದ ಬಗ್ಗೆ ಜಗಳ ಶುರುವಾಗಿತ್ತು. ವಿಷಯ ಕೋರ್ಟಿಗೂ ಹೋಯಿತು. ಇದು ಕಾದಂಬರಿ ಆಧರಿಸಿದ ಕಲ್ಪಿತ ಕತೆ ಎಂಬ ಸೂಚನೆಯನ್ನು ಹಾಕಬೇಕಾಯಿತು. ಆ ಜಗಳದಲ್ಲಿ ಯಾರು ಸರಿ ಅನ್ನುವುದು ಇಲ್ಲಿನ ವಿಷಯವಲ್ಲ. ಆ ಬಗೆಯ ಸೂಚನೆಯಿಂದ ನೋಡುಗನಿಗೆ ಏನು ಸಿಗುತ್ತದೆ ಅನ್ನುವುದು ನನ್ನ ಪ್ರಶ್ನೆ. ‘ಎಲ್ಲವೂ ಕಲ್ಪಿತ’ ಅಂದರೆ ಏನನ್ನೂ ಹೇಳಿದ ಹಾಗಾಗಲಿಲ್ಲ. ಟಿಪ್ಪು ಕಲ್ಪಿತವೇ? ಮುತ್ತಿಗೆ ಕಲ್ಪಿತವೇ? ಕೋರ್ಟಿನಿಂದ ಪಾರಾಗಲು ಆ ಸಾಲು ಸಾಕು. ಮನೆಯಲ್ಲಿ ಮಕ್ಕಳ ಜೊತೆ ಕೂತು ನೋಡುವವರಿಗೆ ಸಾಲದು. ಜನ ಟಿವಿಯಲ್ಲಿ ನೋಡಿದ್ದನ್ನೇ ಇತಿಹಾಸ ಅಂತ ಮಾತಾಡುತ್ತಾರೆ. ತಪ್ಪು ಅವರದ್ದಲ್ಲ. ನಾವು ಅವರಿಗೆ ಬೇರೆ ದಾರಿ ಕೊಟ್ಟೇ ಇಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಪ್ರತಿ ಎಪಿಸೋಡಿನ ಕೊನೆಗೆ ಅರ್ಧ ನಿಮಿಷ ಇಟ್ಟುಕೊಳ್ಳಿ. ವೇಷ ಕಳಚಿದ ನಟರೊಬ್ಬರು ಕ್ಯಾಮೆರಾ ನೋಡಿ ಮೂರ್ನಾಲ್ಕು ಮಾತು ಹೇಳಲಿ. ‘ಬೇರ್ಡ್ ಇದೇ ಊರಿನಲ್ಲಿ ಸೆರೆಯಲ್ಲಿದ್ದದ್ದು ನಿಜ. ಇವತ್ತು ನೀವು ನೋಡಿದ ಸಿಪಾಯಿ ಕಾದಂಬರಿಕಾರರು ಕಟ್ಟಿದ ಪಾತ್ರ. ಟಿಪ್ಪುವನ್ನು ಕೊಂದವನ ಹೆಸರು ಯಾರಿಗೂ ಗೊತ್ತಿಲ್ಲ.’ ಇದರಿಂದ ಕತೆಯ ಮಜಾ ಹಾಳಾಗುತ್ತದೆ ಅನ್ನುವವರಿದ್ದಾರೆ. ಕಾದಂಬರಿ ಓದಿದವರಿಗೆ ಹಾಳಾಗಿಲ್ಲ, ಟಿವಿ ನೋಡುವವರಿಗೆ ಯಾಕೆ ಹಾಳಾಗಬೇಕು? ಜಾಹೀರಾತಿನ ಸಮಯ ಹೋಗುತ್ತದೆ ಅನ್ನುವುದು ಮಾತ್ರ ನಿಜವಾದ ಅಡ್ಡಿ. ಅದಕ್ಕೇ ಈ ಅರ್ಧ ನಿಮಿಷವನ್ನು ಮೊದಲ ದಿನವೇ ಸೀನ್ ಆರ್ಡರ್‌ಗೆ ಸೇರಿಸಿ, ನಂಬರ್ ಕೊಟ್ಟು, ಬಜೆಟ್ಟಿನಲ್ಲಿ ಬರೆಸಬೇಕು. ಎಡಿಟಿಂಗ್ ಮುಗಿದ ಮೇಲೆ ನೋಡೋಣ ಅಂತ ಬಿಟ್ಟರೆ ಅದು ಯಾವ ಎಪಿಸೋಡಿನಲ್ಲೂ ಬರುವುದಿಲ್ಲ.