ಐಸ್ ಯಾಕೆ ಜಾರುತ್ತದೆ? ಒತ್ತಡದಿಂದ ಅಲ್ಲ

ಪ್ಲಸ್ ವನ್ ಭೌತಶಾಸ್ತ್ರದ ಪುಸ್ತಕ ಮನೆಯಲ್ಲಿದ್ದರೆ ಉಷ್ಣದ ಪಾಠ ತೆಗೆದು ನೋಡಿ. ಎರಡು ತುದಿಗೂ ಭಾರ ಕಟ್ಟಿದ ತಂತಿಯನ್ನು ಐಸ್ ಗಡ್ಡೆಯ ಮೇಲೆ ಇಳಿಬಿಟ್ಟರೆ ತಂತಿ ಗಡ್ಡೆಯೊಳಗೆ ಇಳಿದು ಕೆಳಗೆ ಬರುತ್ತದೆ, ಗಡ್ಡೆ ಮಾತ್ರ ಮತ್ತೆ ಕೂಡಿಕೊಳ್ಳುತ್ತದೆ ಎಂಬ ಪ್ರಯೋಗ ಅಲ್ಲಿದೆ. ಚಂದದ ಪ್ರಯೋಗ. ಅದರ ಬೆನ್ನಿಗೇ ಇನ್ನೊಂದು ಮಾತಿದೆ. ಸ್ಕೇಟಿಂಗ್ ಸಾಧ್ಯವಾಗುವುದೂ ಇದರಿಂದಲೇ, ಕಾಲಡಿಯ ಒತ್ತಡಕ್ಕೆ ಐಸ್ ಕರಗಿ ನೀರಾಗುತ್ತದೆ, ಆ ನೀರಿನ ಮೇಲೆ ಆಟಗಾರ ಜಾರುತ್ತಾನೆ ಎಂದು. ಈ ಎರಡನೇ ಮಾತಿನ ಬಗ್ಗೆ ನನ್ನ ತಕರಾರಿದೆ.

ಫುಟ್‌ಬಾಲ್, ಕಬಡ್ಡಿ ಬಿಟ್ಟರೆ ಬೇರೆ ಆಟದ ಕಡೆ ತಿರುಗಿಯೂ ನೋಡದ ನಮ್ಮ ಕಾಸರಗೋಡಿನ ಹುಡುಗರು ಈಗ ಫೋನಿನಲ್ಲಿ ಜೂನಿಯರ್ ವಿಶ್ವ ಐಸ್ ಹಾಕಿಯ ತುಣುಕುಗಳನ್ನು ನೋಡುತ್ತಾರೆ. ಇಪ್ಪತ್ತರೊಳಗಿನವರ ಟೂರ್ನಿ ಅದು. 1977ರಿಂದ ಅಧಿಕೃತವಾಗಿ ನಡೆಯುತ್ತಿದೆ, ಸಾಮಾನ್ಯವಾಗಿ ಡಿಸೆಂಬರ್ 26ಕ್ಕೆ ಶುರು. ಕೆನಡಾ, ಸ್ವೀಡನ್, ಫಿನ್ಲೆಂಡ್, ಅಮೆರಿಕದ ಹುಡುಗರು ಆ ವೇಗದಲ್ಲಿ ತಿರುಗುವುದು, ನಿಲ್ಲುವುದು, ಹಿಂದಕ್ಕೆ ಓಡುವುದು ನೋಡಿದವರಿಗೆ ಮೊದಲು ಬರುವ ಪ್ರಶ್ನೆ ಒಂದೇ: ಐಸ್ ಅಷ್ಟು ಜಾರುವುದು ಯಾಕೆ? ಉತ್ತರ ಬಾಯಲ್ಲೇ ಇರುತ್ತದೆ, ಪ್ರೆಷರ್!

ಸರಿ, ಲೆಕ್ಕ ಹಾಕೋಣ. ಆಟಗಾರನ ತೂಕ ಕವಚ, ಹೆಲ್ಮೆಟ್ ಎಲ್ಲ ಸೇರಿ 80 ಕಿಲೋ ಇರಲಿ. ಹಾಕಿ ಸ್ಕೇಟಿನ, ಅಂದರೆ ಜಾರುವ ಬೂಟಿನ, ಅಡಿಯ ಬ್ಲೇಡ್ ಸುಮಾರು 3 ಮಿಲಿಮೀಟರ್ ದಪ್ಪ. ಅದರ ತಳ ಉದ್ದಕ್ಕೆ ಸ್ವಲ್ಪ ಬಾಗಿರುವುದರಿಂದ ಐಸಿಗೆ ತಾಗುವುದು ಕೆಲವೇ ಸೆಂಟಿಮೀಟರ್. 5 ಅಂತ ಇಟ್ಟುಕೊಳ್ಳಿ. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಬಿದ್ದರೂ ಒತ್ತಡ ವಾತಾವರಣದ ಒತ್ತಡದ 50 ಪಟ್ಟು ಅಷ್ಟೇ. ಒಂದು ಪಟ್ಟು ಒತ್ತಡಕ್ಕೆ ಐಸ್ ಕರಗುವ ಬಿಂದು ಇಳಿಯುವುದು 0.0075 ಡಿಗ್ರಿ. ಐವತ್ತರಿಂದ ಗುಣಿಸಿದರೆ ಅರ್ಧ ಡಿಗ್ರಿಯೂ ಆಗಲಿಲ್ಲ. ಬ್ಲೇಡಿನ ನಡುವೆ ತೋಡು ಇರುತ್ತದೆ, ನಿಜವಾಗಿ ತಾಗುವುದು ಎರಡು ಅಂಚು ಮಾತ್ರ ಅಂತ ಯಾರಾದರೂ ವಾದಿಸಬಹುದು. ಒಪ್ಪೋಣ, ಹತ್ತು ಪಟ್ಟು ಜಾಸ್ತಿ ಕೊಡೋಣ. ಆಗಲೂ ನಾಲ್ಕು ಡಿಗ್ರಿ ದಾಟುವುದಿಲ್ಲ. ಹಾಕಿ ರಿಂಕಿನ, ಅಂದರೆ ಐಸ್ ಮೈದಾನದ, ಐಸ್ ಇರುವುದು ಮೈನಸ್ 5ರಿಂದ ಮೈನಸ್ 9 ಡಿಗ್ರಿಯ ಆಸುಪಾಸಿನಲ್ಲಿ.

ಇದೂ ಸಾಲದಿದ್ದರೆ ಪಕ್ ನೋಡಿ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಹೊಡೆಯುವ ಗಟ್ಟಿ ರಬ್ಬರಿನ ಬಿಲ್ಲೆ ಅದು, ಅಡ್ಡಳತೆ 7.62 ಸೆಂಟಿಮೀಟರ್, ದಪ್ಪ 2.54, ತೂಕ ಹೆಚ್ಚೆಂದರೆ 170 ಗ್ರಾಂ. ಬ್ಲೇಡಿಲ್ಲ, ಅಂಚಿಲ್ಲ, ಚಪ್ಪಟೆಯಾಗಿ ಮಲಗಿರುತ್ತದೆ. ಅದರ ಒತ್ತಡಕ್ಕೆ ಕರಗುವ ಬಿಂದು ಒಂದು ಡಿಗ್ರಿಯ ಹತ್ತು ಸಾವಿರದಲ್ಲಿ ಒಂದು ಪಾಲೂ ಇಳಿಯುವುದಿಲ್ಲ. ಆದರೂ ಸುಮ್ನೆ ತಳ್ಳಿದರೆ ಸಾಕು, ಮೈದಾನದ ಇನ್ನೊಂದು ತುದಿಗೆ ಹೋಗಿ ಮುಟ್ಟುತ್ತದೆ! ಒತ್ತಡದ ಕತೆ ಅಲ್ಲಿಗೆ ಮುಗಿಯಿತು ಅಲ್ವಾ? ಆ ತುಣುಕುಗಳಲ್ಲಿ ಎಲ್ಲರ ಕಣ್ಣೂ ಪಕ್ಕಿನ ಮೇಲೇ ಇರುತ್ತದೆ, ಆದರೂ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ ಎನ್ನುವುದೇ ನನಗೆ ಬೇಸರ.

ಈ ತಪ್ಪು ಹುಟ್ಟಿದ್ದು ದೊಡ್ಡವರ ತಲೆಯಲ್ಲೇ. ಒತ್ತಡಕ್ಕೆ ಐಸ್ ಕರಗುವ ಬಿಂದು ಇಳಿಯಬೇಕು ಎಂದು 1849ರಲ್ಲಿ ಲೆಕ್ಕ ಹಾಕಿ ತೋರಿಸಿದವನು ಜೇಮ್ಸ್ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ಅವನ ತಮ್ಮ ವಿಲಿಯಂ ಮರುವರ್ಷ ಪ್ರಯೋಗ ಮಾಡಿ ಅದು ನಿಜ ಎಂದ. ಅವರ ಮಾತಿನಲ್ಲಿ ಏನೂ ತಪ್ಪಿಲ್ಲ. 1886ರಲ್ಲಿ ಐರ್ಲೆಂಡಿನ ಜಾನ್ ಜೋಲಿ ಅದನ್ನು ಎತ್ತಿ ಸ್ಕೇಟಿಂಗಿಗೆ ಅಂಟಿಸಿದ, ಅಂದಿನಿಂದ ಅದು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಲೇ ಬಂತು. ಆದರೆ 1850ರಲ್ಲೇ ಮೈಕೆಲ್ ಫ್ಯಾರಡೆ ಬೇರೆಯದೇ ದಾರಿ ಹಿಡಿದಿದ್ದ. ಐಸಿನ ಎರಡು ತುಂಡುಗಳನ್ನು ತಾಗಿಸಿ ಹಿಡಿದರೆ ಅಂಟಿಕೊಳ್ಳುತ್ತವೆ. ಯಾರೂ ಒತ್ತದಿದ್ದರೂ ಐಸಿನ ಮೈಮೇಲೆ ತೆಳುವಾದ ನೀರಿನಂಥ ಪದರ ಇದ್ದೇ ಇರುತ್ತದೆ, ಎರಡರ ನಡುವೆ ಸಿಕ್ಕಿದಾಗ ಅದು ಗಟ್ಟಿಯಾಗುತ್ತದೆ ಎಂದ ಅವನು. ಆಗ ಹೆಚ್ಚಿನವರು ಒಪ್ಪಲಿಲ್ಲ.

1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬಿಬ್ಬರು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಕ್ ಎಂಬಲ್ಲಿ ಪ್ರಯೋಗ ಮಾಡಿ, ಕರಗಿಸುವುದು ಒತ್ತಡ ಅಲ್ಲ, ಉಜ್ಜಿದಾಗ ಹುಟ್ಟುವ ಬಿಸಿ ಎಂದರು. ಬಿಸಿಯನ್ನು ಬೇಗ ಹೀರಿಕೊಳ್ಳುವ ಹಿತ್ತಾಳೆಯ ಸ್ಕೀ (ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಪಟ್ಟಿ) ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಸ್ಕೀಗಿಂತ ಕಷ್ಟಪಟ್ಟು ಜಾರುತ್ತದೆ ಎಂಬುದನ್ನೂ ತೋರಿಸಿದರು. ವೇಗವಾಗಿ ಹೋಗುವ ಬ್ಲೇಡಿಗೆ ಈ ಮಾತು ಒಂದು ಮಟ್ಟಕ್ಕೆ ಒಪ್ಪುತ್ತದೆ. ಆದರೆ ಸುಮ್ಮನೆ ನಿಂತವನೂ ಐಸಿನ ಮೇಲೆ ದಢಕ್ಕನೆ ಬೀಳುತ್ತಾನಲ್ಲ, ಅದಕ್ಕೇನು ಹೇಳುವುದು?

ಈಗ ನನಗೆ ಅತಿ ಇಷ್ಟವಾದ ಭಾಗ. ಐಸಿನ ಒಳಗಿರುವ ಪ್ರತಿ ನೀರಿನ ಅಣು ಅಕ್ಕಪಕ್ಕದ ನಾಲ್ಕು ಅಣುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಮೇಲ್ಮೈಯಲ್ಲಿ ಹಾಗಲ್ಲ. ಅಲ್ಲಿರುವ ಅಣುವಿನ ಮೇಲೆ ಯಾರೂ ಇಲ್ಲ, ಹಿಡಿಯಲು ಸಿಗುವುದು ಮೂರು, ಕೆಲವಕ್ಕೆ ಎರಡೇ. ಎರಡೇ ಹಿಡಿತದ ಅಣು ಒಂದು ಕಡೆ ನಿಲ್ಲುವುದಿಲ್ಲ. ಹಿಡಿತ ಬಿಡುತ್ತದೆ, ಪಕ್ಕಕ್ಕೆ ಉರುಳುತ್ತದೆ, ಬೇರೊಂದನ್ನು ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯ ಮೇಲೆ ಅರಿವಿಲ್ಲದೆ ಕಾಲಿಟ್ಟವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅಂಗಳ ಗಟ್ಟಿ, ಅಡಿಕೆಯೂ ಗಟ್ಟಿ, ನಡುವೆ ಒಂದು ಹನಿ ನೀರಿಲ್ಲ, ಆದರೂ ಕಾಲು ನಿಲ್ಲುವುದಿಲ್ಲ. ಯಾಕೆಂದರೆ ಪ್ರತಿ ಅಡಿಕೆಯೂ ತನ್ನಷ್ಟಕ್ಕೆ ಉರುಳಬಲ್ಲದು. ಐಸಿನ ಮೇಲ್ಮೈಯ ಅಣುಗಳದ್ದೂ ಇದೇ ಪಾಡು.

2018ರಲ್ಲಿ ಡೇನಿಯಲ್ ಬಾನ್, ಮಿಶಾ ಬಾನ್ ಎಂಬ ಸಹೋದರರು ಮತ್ತು ಅವರ ಜೊತೆಗಾರರು ಉಕ್ಕಿನ ಗುಂಡನ್ನು ಐಸಿನ ಮೇಲೆ ಎಳೆದು ಅಳೆದಾಗ ಇದೇ ಚಿತ್ರ ಸಿಕ್ಕಿತು. ಮೈನಸ್ 100 ಡಿಗ್ರಿಯಲ್ಲಿ ಐಸ್ ಜಾರುವುದೇ ಇಲ್ಲ ಎನ್ನಬಹುದು, ಅಷ್ಟು ಚಳಿಗೆ ಆ ಅಣುಗಳೂ ಕದಲುವುದಿಲ್ಲ. ಬಿಸಿ ಏರುತ್ತಾ ಹೋದಂತೆ ಜಾರುವಿಕೆ ಏರುತ್ತದೆ. ಅತಿ ಹೆಚ್ಚು ಜಾರುವುದು ಮೈನಸ್ 7 ಡಿಗ್ರಿಯ ಹತ್ತಿರ. ಅದಕ್ಕಿಂತ ಬಿಸಿಯಾದರೆ ಐಸೇ ಮೆತ್ತಗಾಗಿ ಉಕ್ಕು ಅದರೊಳಗೆ ಹೂತುಕೊಳ್ಳುತ್ತದೆ, ಎಳೆಯುವುದು ಮತ್ತೆ ಕಷ್ಟ. ಹಾಕಿಯವರು ಲೆಕ್ಕವಿಲ್ಲದೆ, ಬರೀ ಅನುಭವದಿಂದ, ಇದೇ ಉಷ್ಣತೆಯ ಸುತ್ತಮುತ್ತ ಬಂದು ನಿಂತಿದ್ದರು! ಚರ್ಚೆ ಇನ್ನೂ ನಿಂತಿಲ್ಲ. 2025ರಲ್ಲಿ ಜರ್ಮನಿಯ ಮಾರ್ಟಿನ್ ಮ್ಯೂಸರ್ ತಂಡ ಕಂಪ್ಯೂಟರಿನಲ್ಲಿ ಅಣುಗಳ ಚಲನೆಯನ್ನು ಮೂಡಿಸಿ, ಜಾರುವ ವಸ್ತುವಿನ ದ್ವಿಧ್ರುವಗಳೇ (ಒಂದು ತುದಿ ಧನ, ಇನ್ನೊಂದು ತುದಿ ಋಣ ವಿದ್ಯುತ್ ಇರುವ ಅಣುಗಳು) ಐಸಿನ ಅಣುಗಳ ಸಾಲನ್ನು ಕೆಡಿಸುತ್ತವೆ ಎಂದು ವಾದಿಸಿತು. ಯಾರು ಗೆದ್ದರೂ, ಒತ್ತಡ ಮಾತ್ರ ಮುಖ್ಯ ಕಾರಣವಾಗಿ ಉಳಿದಿಲ್ಲ.

ಐಸ್ ಮಾಡುವುದರಲ್ಲಿ ನಮ್ಮ ಕಡಲತೀರಕ್ಕೂ ಆ ರಿಂಕಿಗೂ ಹತ್ತಿರದ ನಂಟಿದೆ. ಬೂತಾಯಿ, ಬಂಗುಡೆ ಕೆಡದಂತೆ ಇಡಲು ಬಂದರಿಗೆ ಬರುವ ಐಸ್ ಹುಟ್ಟುವುದು ಉಪ್ಪುನೀರಿನ ಟ್ಯಾಂಕಿನಲ್ಲಿ. ಸೊನ್ನೆಗಿಂತ ಕೆಳಗೆ ತಣಿಸಿದರೂ ಉಪ್ಪುನೀರು ಗಟ್ಟಿಯಾಗುವುದಿಲ್ಲ, ಅದರೊಳಗೆ ಇಳಿಬಿಟ್ಟ ಡಬ್ಬಿಗಳ ಸಿಹಿನೀರು ಗಟ್ಟಿಯಾಗುತ್ತದೆ. ರಿಂಕಿನಲ್ಲೂ ಹೆಚ್ಚಾಗಿ ಇದೇ ಉಪಾಯ. ಕಾಂಕ್ರೀಟ್ ನೆಲದೊಳಗೆ ಕೊಳವೆ, ಕೊಳವೆಯಲ್ಲಿ ತಣ್ಣನೆಯ ಉಪ್ಪುನೀರು, ಅಲ್ಲಿ ಉಪ್ಪು ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್. ಮೇಲೆ ಸುಮಾರು ಮೂರು ಸೆಂಟಿಮೀಟರ್ ಐಸ್, ಅಷ್ಟೇ. ಐಸ್ ಪ್ಲಾಂಟಿನ ಗಡ್ಡೆಯನ್ನು ಹತ್ತಿರದಿಂದ ನೋಡಿ, ಅಂಚೆಲ್ಲ ಗಾಜಿನಷ್ಟು ತಿಳಿ, ನಡುವೆ ಮಾತ್ರ ಬೆಳ್ಳಗೆ ಒಂದು ತಿರುಳು. ಗಡ್ಡೆ ಹೊರಗಿನಿಂದ ಒಳಕ್ಕೆ ಕಟ್ಟುತ್ತಾ ಬರುವಾಗ ನೀರಿನಲ್ಲಿದ್ದ ಗಾಳಿ, ಲವಣ ಎಲ್ಲ ನಡುವಿಗೆ ಸೇರಿ ಸಿಕ್ಕಿಕೊಂಡದ್ದು ಅದು. ಅಂಥ ಐಸಿನ ಮೇಲೆ ಹಾಕಿ ಆಡಲಾಗದು. ಅದಕ್ಕೇ ರಿಂಕಿನಲ್ಲಿ ತೆಳು ತೆಳು ಪದರವಾಗಿ ನೀರು ಹಾಯಿಸಿ ಕಟ್ಟುತ್ತಾರೆ. ಆಟದ ನಡುವಿನ ಬಿಡುವಿನಲ್ಲಿ ಒಂದು ಗಾಡಿ ಬಂದು ಮೇಲ್ಪದರ ಹೆರೆದು, ಗೀರುಗಳನ್ನು ತೊಳೆದು, ಬಿಸಿನೀರು ಹರಡುತ್ತದೆ. ಬಿಸಿನೀರಿನಲ್ಲಿ ಕರಗಿದ ಗಾಳಿ ಕಡಿಮೆ, ಹಳೆಯ ಐಸಿನ ಮೈಯನ್ನೂ ಅದು ತುಸು ಕರಗಿಸಿ ಅದರೊಂದಿಗೆ ಬೆಸೆದುಕೊಳ್ಳುತ್ತದೆ.

ಆ ಗಾಡಿ ಮಾಡಿದವನು ಕ್ಯಾಲಿಫೋರ್ನಿಯಾದ ಫ್ರಾಂಕ್ ಜಾಂಬೋನಿ. ಅವನೂ ತಮ್ಮನೂ ನಡೆಸುತ್ತಿದ್ದದ್ದು ಐಸ್ ಗಡ್ಡೆಯ ಫ್ಯಾಕ್ಟರಿ. ಮನೆಮನೆಗೆ ಫ್ರಿಜ್ ಬಂದು ಗಡ್ಡೆ ಕೇಳುವವರು ಕಡಿಮೆಯಾದಾಗ, ಇದ್ದ ಅನುಭವವನ್ನು ಬಳಸಿ 1940ರಲ್ಲಿ ಸ್ಕೇಟಿಂಗ್ ರಿಂಕ್ ತೆರೆದರು. ಅದರ ಮೇಲ್ಮೈ ಸರಿಮಾಡಲು ಮೂರು ನಾಲ್ಕು ಜನಕ್ಕೆ ಗಂಟೆಗೂ ಜಾಸ್ತಿ ಹಿಡಿಯುತ್ತಿತ್ತು. ಫ್ರಾಂಕ್ ವರ್ಷಗಟ್ಟಲೆ ತಲೆಕೆಡಿಸಿಕೊಂಡು 1949ರಲ್ಲಿ ಗಾಡಿ ಓಡಿಸಿದ. ಹಿಮ ಬೀಳದ ಬಿಸಿಲೂರಿನ ಐಸ್ ವ್ಯಾಪಾರಿಯ ಹೆಸರು ಇವತ್ತು ಚಳಿದೇಶಗಳ ರಿಂಕುಗಳಲ್ಲೆಲ್ಲ ಓಡಾಡುತ್ತಿದೆ. ಕೋವಿಡ್‌ನಿಂದ ಅರ್ಧಕ್ಕೇ ನಿಂತ ಜೂನಿಯರ್ ಟೂರ್ನಿಯನ್ನು ಕೆನಡಾದ ಎಡ್ಮಂಟನ್‌ನಲ್ಲಿ ಮತ್ತೆ ಮೊದಲಿನಿಂದ ಆಡಿಸಿದ್ದು 2022ರ ಆಗಸ್ಟ್‌ನಲ್ಲಿ, ಅಲ್ಲಿನ ನಡುಬೇಸಿಗೆಯಲ್ಲಿ. ಹೊರಗೆ ಬಿಸಿಲು, ಒಳಗೆ ಉಪ್ಪುನೀರಿನ ಕೊಳವೆಯ ಮೇಲೆ ಐಸ್. ಫೈನಲಿನಲ್ಲಿ ಕೆನಡಾ ಹೆಚ್ಚುವರಿ ಸಮಯದಲ್ಲಿ ಫಿನ್ಲೆಂಡನ್ನು 3–2ರಿಂದ ಸೋಲಿಸಿತು.