ಕೆಲಸದ ಒತ್ತಡ ಹೃದಯಕ್ಕೆ ಏನು ಮಾಡುತ್ತದೆ?

ದೊಡ್ಡ ಹುದ್ದೆಯಲ್ಲಿ ಇರುವವರಿಗೆ ಟೆನ್ಷನ್ ಜಾಸ್ತಿ, ಹಾಗಾಗಿ ಹಾರ್ಟ್ ಅಟ್ಯಾಕ್ ಕೂಡ ಅವರಿಗೇ ಜಾಸ್ತಿ ಎಂದು ತುಂಬಾ ಜನ ನಂಬಿದ್ದಾರೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಹೃದಯದ ಕಾಯಿಲೆಯಿಂದ ಸಾಯುವವರ ಪ್ರಮಾಣ ಮೇಲಧಿಕಾರಿಗಳಿಗಿಂತ ಕೆಳಗಿನ ದರ್ಜೆಯವರಲ್ಲಿ ಸುಮಾರು 3 ಪಟ್ಟು ಹೆಚ್ಚಿತ್ತು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು.

ಹಾಗಾದರೆ ಕಾರಣವೇನು? 1985ರಲ್ಲಿ ಸಂಶೋಧಕ ಮೈಕೆಲ್ ಮಾರ್ಮಟ್ ತಂಡ 10,308 ನೌಕರರೊಂದಿಗೆ ಎರಡನೇ ಸುತ್ತು ಶುರು ಮಾಡಿತು. ಒಂದು ವಿಷಯ ಎದ್ದು ಕಂಡಿತು. ಯಾವ ಕೆಲಸ ಮೊದಲು, ಅದನ್ನು ಹೇಗೆ ಮಾಡುವುದು, ಯಾವಾಗ ಸ್ವಲ್ಪ ಬಿಡುವು ಎನ್ನುವುದರಲ್ಲಿ ಯಾರ ಮಾತು ನಡೆಯುವುದಿಲ್ಲವೋ ಅವರಿಗೆ ಹೃದಯದ ತೊಂದರೆ ಜಾಸ್ತಿ.

ಬೈಗುಳದ ಇಮೇಲ್ ಬಂದಾಗ ನಮ್ಮ ದೇಹ ಅದನ್ನೂ ಅಪಾಯ ಎಂದೇ ತಿಳಿಯುತ್ತದೆ. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನ್ ಸುರಿಸುತ್ತವೆ. ಎದೆ ಬಡಿತ ಏರುತ್ತದೆ, ರಕ್ತದೊತ್ತಡವೂ ಏರುತ್ತದೆ. ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನ್ ಬಂದು ರಕ್ತದಲ್ಲಿ ಸಕ್ಕರೆ ಹೆಚ್ಚಿಸುತ್ತದೆ. ಓಡಲಿಕ್ಕೋ ಹೊಡೆದಾಡಲಿಕ್ಕೋ ಇದೆಲ್ಲ ಬೇಕು. ಆದರೆ ನಾವು ಓಡುವುದಿಲ್ಲ, ಕುರ್ಚಿಯಲ್ಲೇ ಕೂತಿರುತ್ತೇವೆ ಅಲ್ವಾ? ಹೀಗೆ ವರ್ಷಗಟ್ಟಲೆ ನಡೆದರೆ ಬಿಪಿ ಇಳಿಯುವುದನ್ನೇ ಮರೆಯುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ರಕ್ತನಾಳಗಳ ಒಳಗೋಡೆ ಹಾಳಾಗುತ್ತಾ ಹೋಗುತ್ತದೆ. ನಿದ್ದೆಯೂ ಕೆಡುತ್ತದೆ.

ಗಾಯ ಮಾಯುವುದೂ ನಿಧಾನವಾಗುತ್ತದೆ. ಮರೆವಿನ ಕಾಯಿಲೆಯ ಬಂಧುಗಳನ್ನು ಹಗಲೂ ರಾತ್ರಿ ನೋಡಿಕೊಳ್ಳುತ್ತಿದ್ದ ಮಹಿಳೆಯರ ತೋಳಿನಲ್ಲಿ ಅಮೆರಿಕದ ಸಂಶೋಧಕರು ಒಂದು ಚಿಕ್ಕ ಗಾಯ ಮಾಡಿ ಗಮನಿಸಿದರು. 1995ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಂಥ ಹೊರೆ ಇಲ್ಲದ ಅದೇ ವಯಸ್ಸಿನವರಿಗಿಂತ ಇವರ ಗಾಯ ಮಾಯಲು ಸುಮಾರು 9 ದಿನ ಹೆಚ್ಚು ಹಿಡಿಯಿತು.

ಕೆಲಸದ ಗಂಟೆಗಳ ಲೆಕ್ಕವೂ ಇದೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿದವು.

ಈಗ ಎಷ್ಟೋ ಕಂಪನಿಗಳು ನೌಕರರಿಗೆ ಧ್ಯಾನದ ತರಗತಿ ಮಾಡಿಸುತ್ತವೆ. ಧ್ಯಾನದಿಂದ ಮನಸ್ಸು ಹಗುರವಾಗಬಹುದು, ಬೇಡ ಎನ್ನುವುದಿಲ್ಲ. ಆದರೆ ತರಗತಿ ಮುಗಿದ ಮೇಲೆ ಅದೇ ಡೆಡ್‌ಲೈನ್, ಅದೇ ಶಿಫ್ಟು. ಶಿಫ್ಟ್ ಪಟ್ಟಿ ಮಾಡುವಾಗ ದುಡಿಯುವವರನ್ನೂ ಕೇಳಿ, ರಾತ್ರಿ ಮೆಸೇಜ್ ಕಳಿಸುವುದನ್ನು ನಿಲ್ಲಿಸಿದರೆ ರೋಗದ ಬೇರಿಗೇ ಕೈ ಹಾಕಿದಂತೆ. ಈ ಕೆಲಸ ಮ್ಯಾನೇಜರ್‌ಗಳಿಂದ ಆಗಬೇಕು. ನೌಕರ ಎಷ್ಟೇ ಉಸಿರು ಬಿಗಿಹಿಡಿದರೂ ಇದು ಅವನೊಬ್ಬನಿಂದ ಆಗುವಂಥದ್ದಲ್ಲ.